ರೊಕ್ಕ ಯಾರದು?

ವಲಸೆ ಮತ್ತು ಸಾಮಾಜಿಕ ಅಸಮಾನತೆ ನಾನು ಓದಿದ, ಈಗ ಪಾಠ ಮಾಡುತ್ತಿರುವ ವಿಷಯ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದೆ. ಪಿಎಚ್‌ಡಿಗೆ ಅಮೆರಿಕಕ್ಕೆ ಹೋದೆ, ಅಲ್ಲೇ ಕೆಲಸಕ್ಕೂ ಸೇರಿದೆ. ಇಷ್ಟು ವರ್ಷ ನಾನು ಎಲ್ಲ ಕಡೆ ಕೇಳಿಕೊಂಡು ಬಂದ ಪ್ರಶ್ನೆ ಮಾತ್ರ ಒಂದೇ. ಅದು ಸಿಕ್ಕಿದ್ದು ವಿಜಯಪುರದ ನಮ್ಮ ಈ ಕಾಲೇಜಿನಲ್ಲಿ, ಬಿ.ಎ. ಎರಡನೇ ವರ್ಷದಲ್ಲಿ. ಕೊಟ್ಟವರು ನಮ್ಮ ಸಮಾಜಶಾಸ್ತ್ರದ ಸರ್. ಹೆಸರು ಹಾಕಿದರೆ ಅವರಿಗೆ ಸಂಕೋಚ, ಹಾಗಾಗಿ ಸರ್ ಅಂತಲೇ ಬರೆಯುತ್ತೇನೆ. ಆಗ ಓದಿದವರಿಗೆ ಯಾರು ಅಂತ ಗೊತ್ತಾಗಿಯೇ ಆಗುತ್ತದೆ.

1990ರ ದಶಕದ ಮೊದಲ ವರ್ಷಗಳು. ಊರಿನ ಹೆಸರು ಇನ್ನೂ ಬಿಜಾಪುರ. ಬಾಗಲಕೋಟೆ ನಮ್ಮ ಜಿಲ್ಲೆಯಲ್ಲೇ ಇತ್ತು, 1997ರಲ್ಲಿ ಬೇರೆಯಾಯಿತು. ದೀಪಾವಳಿ ಮುಗಿಯಿತೆಂದರೆ ಸಾಕು, ಬಸ್ ಸ್ಟ್ಯಾಂಡಿನ ತುಂಬ ಗೋವಾ, ಪುಣೆ ಕಡೆ ಹೊರಟವರ ಗಂಟುಮೂಟೆ. ನಮ್ಮ ಕ್ಲಾಸಿನಲ್ಲೂ ಅಪ್ಪ ಅವ್ವ ಗುಳೆ ಹೋದ ಹುಡುಗರಿದ್ದರು, ಹಾಸ್ಟೆಲಿನಲ್ಲಿ ಉಳಿದು ಓದುತ್ತಿದ್ದರು. ಇದು ಪಾಠಕ್ಕೆ ಬರುವ ವಿಷಯ ಅಂತ ಯಾರಿಗೂ ಅನ್ನಿಸಿರಲಿಲ್ಲ. ಮಳೆ ಆಗಲಿಲ್ಲ, ಹೋದರು. ಅಷ್ಟೇ ಅಲ್ವಾ ಅಂದುಕೊಂಡಿದ್ದೆವು.

ಸಿಲಬಸ್‌ನಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದ್ದರು. ನೋಟ್ಸ್ ಬರೆಸಿ ಮುಗಿಸಬಹುದಿತ್ತು. ಸರ್ ಹಾಗೆ ಬಿಡುವವರಲ್ಲ. “ಅವರು 1948ರಾಗ ಮೈಸೂರ ಕಡೆ ಒಂದ್ ಹಳ್ಳ್ಯಾಗ ಹೋಗಿ ಇದ್ರು. ನೀವು ಒಂದ್ ದಿವಸರ ಹೋಗಿ ಕೂಡ್ರಿ” ಅಂದು ನಮ್ಮನ್ನು ಸಿಂದಗಿ ಕಡೆಯ ಒಂದು ತಾಂಡಾಕ್ಕೆ ಕರೆದುಕೊಂಡು ಹೋದರು.

ಎಷ್ಟೋ ಮನೆಗಳ ಬಾಗಿಲಿಗೆ ಜಾಲಿ ಮುಳ್ಳಿನ ಕಂಟಿ ಅಡ್ಡ ಇಟ್ಟಿದ್ದರು. ಮನೆಯವರು ಮಳೆಗಾಲಕ್ಕೇ ವಾಪಸು. ಒಬ್ಬ ವಯಸ್ಸಾದ ಹೆಂಗಸು ಕಟ್ಟೆ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾವು ಫಾರ್ಮ್ ಹಿಡಿದು ಶುರು ಮಾಡಿದೆವು. ಹೆಸರು, ವಯಸ್ಸು, ಹೊಲ ಎಷ್ಟು, ಮಕ್ಕಳು ಯಾಕೆ ಹೋದರು. “ಮಳಿ ಇಲ್ರಿ, ಹ್ವಾದ್ರು” ಅಂದರು. ಹಿಂದಿನ ಮನೆಯಲ್ಲೂ ಅದೇ ಉತ್ತರ ಬಂದಿತ್ತು. ಮುಂದಿನ ಮನೆಯಲ್ಲೂ ಅದೇ ಬರುವುದಿತ್ತು.

ಸರ್ ಆ ಅಜ್ಜಿಯ ಪಕ್ಕ ಕೂತು ಒಂದು ಹಿಡಿ ಶೇಂಗಾ ತೆಗೆದುಕೊಂಡು ತಾವೂ ಸುಲಿಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: “ಆಯಿ, ಹೋಗಾಕ ರೊಕ್ಕ ಯಾರದು?”

ಆಗ ಮಾತು ಬಿಚ್ಚಿಕೊಂಡಿತು. ದೊಡ್ಡ ಮಗ ತನ್ನ ಮಗಳ ಮದುವೆಗೆ ಅಂತ ಕಬ್ಬಿನ ಗ್ಯಾಂಗ್ ಕಟ್ಟುವ ಮುಕಾದಮನ ಹತ್ತಿರ ಅಡ್ವಾನ್ಸ್ ತೆಗೆದುಕೊಂಡಿದ್ದ. ಅದು ತೀರುವವರೆಗೂ ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯಬೇಕು. ಕೂಲಿ ಟನ್ ಲೆಕ್ಕದಲ್ಲಿ. ಜ್ವರ ಬಂದು ಮಲಗಿದರೆ ಸಾಲ ಮುಂದಿನ ವರ್ಷಕ್ಕೆ ದಾಟುತ್ತದೆ. ಸಣ್ಣ ಮಗ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದ. ಅವನ ಬಸ್ ಚಾರ್ಜ್ ಕಳಿಸಿದ್ದು ಅಲ್ಲೇ ಇದ್ದ ಅವನ ಹೆಂಡತಿಯ ಅಣ್ಣ. ಗುತ್ತಿಗೆದಾರ ಸರಿ ಇಲ್ಲದಿದ್ದರೆ ಇನ್ನೊಂದು ಕಡೆ ಹೋಗುವಷ್ಟು ದಾರಿ ಅವನಿಗಿತ್ತು. ಎದುರು ಮನೆಯಲ್ಲಿ ಗಂಡ ತೀರಿಕೊಂಡ ಒಬ್ಬಾಕೆ ಇದ್ದಳು. ಕಬ್ಬಿನ ಗ್ಯಾಂಗಿಗೆ ಜೋಡಿ ಬೇಕು, ಒಂಟಿ ಹೆಂಗಸಿಗೆ ಯಾರೂ ಅಡ್ವಾನ್ಸ್ ಕೊಡುವುದಿಲ್ಲ. ಆಕೆ ಊರಲ್ಲೇ ಉಳಿದಿದ್ದಳು. ನಮ್ಮ ಫಾರ್ಮಿನಲ್ಲಿ ಆಕೆಯ ಹೆಸರಿನ ಮುಂದೆ “ವಲಸೆ ಇಲ್ಲ” ಅಂತ ಬರೆದಿದ್ದೆವು. ಆ ಮೂರು ಮನೆಗಳಲ್ಲಿ ಜಾಸ್ತಿ ಕಷ್ಟ ಇದ್ದದ್ದು ಅದೇ ಮನೆಯಲ್ಲಿ.

ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಹೇಳಿದ್ದು: “ಮಳಿ ಎಲ್ಲಾರಿಗೂ ಒಂದ ರೀತಿ ಕೈ ಕೊಡ್ತು. ಮೂರು ಮಂದಿ ಮೂರು ಥರಾ ಆದ್ರು. ಯಾಕ ಅನ್ನೋದನ್ನ ಬರ್ಕೊಂಡ್ ಬರ್ರಿ.”

ಅದನ್ನೇ ಇವತ್ತಿಗೂ ಬರೆಯುತ್ತಿದ್ದೇನೆ.

ಬಾಗಲಕೋಟೆಯ ಮುಳುಗಡೆ ಹಳ್ಳಿಗಳಿಗೂ ಹೋಗಿದ್ದೆವು. ಆಲಮಟ್ಟಿ ನೀರು ಬರುವ ಮೊದಲೇ ಅಲ್ಲಿ ಪರಿಹಾರದ ಮಾತು ನಡೆದಿತ್ತು. ಹೊಲ ಇದ್ದವರ ಕೈಯಲ್ಲಿ ಕಾಗದ ಇತ್ತು. ಅದೇ ಹೊಲದಲ್ಲಿ ಕೂಲಿ ಮಾಡಿದವರ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಅಮೆರಿಕದಲ್ಲಿ ಮೊದಲ ವರ್ಷ ಓದಿದ್ದು ತಾಮಸ್ ಮತ್ತು ಜ್ನಾನಿಯೆಟ್ಸ್ಕಿ ಬಗ್ಗೆ. ಪೋಲೆಂಡಿನ ಹಳ್ಳಿಗಳಿಂದ ಷಿಕಾಗೊಗೆ ಬಂದ ರೈತರ ಬಗ್ಗೆ ಇವರು 1918ರಿಂದ 1920ರ ನಡುವೆ ಐದು ಸಂಪುಟ ಪ್ರಕಟಿಸಿದರು. ವಲಸೆಯ ಸಮಾಜಶಾಸ್ತ್ರಕ್ಕೆ ಅದೇ ಅಡಿಪಾಯ ಅನ್ನುತ್ತಾರೆ. ಅವರು ಕಲೆಹಾಕಿದ್ದು ಮನೆಯವರು ಬರೆದುಕೊಂಡ ಕಾಗದಗಳನ್ನು. ಕ್ಲಾಸಿನಲ್ಲಿ ಉಳಿದವರಿಗೆ ಅದು ಹಳೆಯ ಯುರೋಪಿನ ಕತೆ. ನನಗೆ ಅದರಲ್ಲಿ ಸಿಂದಗಿಯ ಆಯಿಯ ಇಬ್ಬರು ಮಕ್ಕಳೂ ಕಂಡರು. ಆ ಕಾಲದಲ್ಲಿ ಎಷ್ಟೋ ಜನ ಹಡಗು ಹತ್ತಿದ್ದು ಮೊದಲೇ ಹೋದ ಸಂಬಂಧಿಕರು ಕಳಿಸಿದ ಟಿಕೆಟ್ಟಿನಲ್ಲಿ.

ಮೆಕ್ಸಿಕೊ ಗಡಿಯ ವಿಷಯ ಇನ್ನೂ ಹತ್ತಿರದ್ದು ಅನ್ನಿಸಿತು. ಡಗ್ಲಸ್ ಮ್ಯಾಸ್ಸಿ ಮತ್ತು ಹೋರ್ಹೆ ದುರಾಂದ್ 1982ರಿಂದ ಮೆಕ್ಸಿಕೊದ ಊರುಗಳಲ್ಲಿ ಮನೆ ಮನೆ ಕೇಳಿ ಲೆಕ್ಕ ಇಟ್ಟವರು. ಮೊದಲು ಅಲ್ಲಿಯ ಬಹಳಷ್ಟು ಗಂಡಸರು ಹಂಗಾಮಿಗೆ ಹೋಗಿ, ದುಡಿದು, ಊರಿಗೆ ಮರಳುತ್ತಿದ್ದರು. ನಮ್ಮ ಗುಳೆಯ ಹಾಗೆಯೇ. ಅಮೆರಿಕದ 1986ರ ವಲಸೆ ಕಾನೂನಿನ ನಂತರ ಗಡಿ ಕಾವಲು ಬಿಗಿಯಾಗುತ್ತಾ ಹೋಯಿತು. ದಾಟಿಸುವ ಏಜೆಂಟರ ರೇಟು ಏರಿತು. ಅಷ್ಟು ಸಾಲ ಮಾಡಿ ಒಮ್ಮೆ ದಾಟಿದವನು ಮತ್ತೆ ವಾಪಸು ಹೋಗುವ ಧೈರ್ಯ ಮಾಡಲಿಲ್ಲ, ಅಲ್ಲೇ ಉಳಿದ. ಜನ ಬರಬಾರದು ಅಂತ ಕಟ್ಟಿದ ಬೇಲಿ, ಬಂದವರನ್ನು ಹೋಗದಂತೆ ಮಾಡಿತು. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷ ನಾನು ಮುಕಾದಮನ ಅಡ್ವಾನ್ಸ್ ಬಗ್ಗೆಯೂ ಹೇಳುತ್ತೇನೆ. ಎರಡೂ ಕಡೆ ಮನುಷ್ಯನನ್ನು ಕಟ್ಟಿಹಾಕಿದ್ದು ಹೋಗುವ ಮೊದಲು ಮಾಡಿದ ಸಾಲ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇರಲಿಲ್ಲ ಅಂತಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದದ್ದು 1979ರಲ್ಲಿ. ಹೋಗುವ ಖರ್ಚು ಗುತ್ತಿಗೆದಾರನದು, ಮೇಲಿಂದ ಸ್ಥಳಾಂತರ ಭತ್ಯೆ ಕೊಡಬೇಕು, ಅದನ್ನು ವಾಪಸು ಕೇಳುವ ಹಾಗಿಲ್ಲ ಅಂತ ಅದರಲ್ಲಿ ಬರೆದಿತ್ತು. ಅಂದರೆ ಸರ್ ಕೇಳಿದ ಪ್ರಶ್ನೆಗೆ ಕಾನೂನು ಆಗಲೇ ಉತ್ತರ ಕೊಟ್ಟಿತ್ತು. ನಾವು ಹೋದ ತಾಂಡಾದಲ್ಲಿ ಅದರ ಹೆಸರನ್ನು ಒಬ್ಬರೂ ಕೇಳಿರಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ನಾನು ಹೋಗಿದ್ದೂ ವಲಸೆಯೇ. ನನಗೆ ವಿಶ್ವವಿದ್ಯಾಲಯ ಫೆಲೋಶಿಪ್ ಕೊಟ್ಟಿತು, ಸಾಲ ಮಾಡಬೇಕಾಗಲಿಲ್ಲ. ಗಲ್ಫ್‌ಗೆ ಹೊರಟ ನಮ್ಮೂರಿನ ಹುಡುಗನ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ‘ಎಮಿಗ್ರೇಶನ್ ಚೆಕ್ ರಿಕ್ವೈರ್ಡ್’ ಎಂದಿತ್ತು. ಹತ್ತನೇ ತರಗತಿ ಪಾಸಾಗದವರು ಅಲ್ಲಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಅವನಿಗೆ ಅದಕ್ಕೊಬ್ಬ ಏಜೆಂಟ್, ಏಜೆಂಟನಿಗೆ ಕೊಡಲು ಬಡ್ಡಿ ಸಾಲ. ಒಂದೇ ಊರು, ಒಂದೇ ದೇಶದ ಪಾಸ್‌ಪೋರ್ಟು. ಪರದೇಶಕ್ಕೆ ಹೋದವರು ತಮ್ಮ ಜಾಣತನದಿಂದಲೇ ಮೇಲೆ ಬಂದರು ಅಂತ ಯಾರಾದರೂ ಹೇಳಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ.

2011ರ ಜನಗಣತಿ ಪ್ರಕಾರ ದೇಶದಲ್ಲಿ ವಲಸಿಗರು ಸುಮಾರು 45 ಕೋಟಿ. ಅದರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಹೆಚ್ಚಿನವರು ಮದುವೆಯಾಗಿ ಊರು ಬಿಟ್ಟವರು. ಆರು ತಿಂಗಳು ಹೋಗಿ ಮಳೆಗಾಲಕ್ಕೆ ಬರುವವರು ಈ ಲೆಕ್ಕದಲ್ಲಿ ಸರಿಯಾಗಿ ಸಿಗುವುದೇ ಇಲ್ಲ. ಅವರನ್ನು ಹುಡುಕಬೇಕೆಂದರೆ ಹೋಗಿ ಕೂರಲೇಬೇಕು.

ಸರ್ ನಿವೃತ್ತರಾಗಿದ್ದಾರೆ, ಊರಲ್ಲೇ ಇದ್ದಾರೆ. ಈಚೆಗೆ ಫೋನ್ ಮಾಡಿದಾಗ ನನ್ನ ಆರೋಗ್ಯ ವಿಚಾರಿಸಿ, ನೇರ ವಿಷಯಕ್ಕೆ ಬಂದರು. “ನಮ್ಮ ಮಂದಿ ಹೊರಗ ಹೋಗೋದನ್ನ ನೀ ನೋಡಿದಿ. ಈಗ ಬೀಡ್ ಕಡೆಯವರು ಜಮಖಂಡಿ, ಮುಧೋಳಕ್ಕ ಕಬ್ಬು ಕಡಿಯಾಕ ಬರ್ತಾರ. ಬಿಲ್ಡಿಂಗ್ ಕೆಲಸಕ್ಕ ಬಿಹಾರದ ಹುಡುಗ್ರು ಅದಾರ. ಅವರ್ನ ಯಾರೂ ಕೇಳವಲ್ರು.”

ಸಮಾಜಶಾಸ್ತ್ರ ವಿಭಾಗದ ಈಗಿನ ವಿದ್ಯಾರ್ಥಿಗಳಲ್ಲಿ ಇದಕ್ಕೆ ಮನಸ್ಸಿದ್ದವರು ವಿಭಾಗದಲ್ಲಿ ಹೆಸರು ಕೊಡಿ. ಹಿಂದಿ ಅಥವಾ ಮರಾಠಿ ಬಂದರೆ ಒಳ್ಳೆಯದು. ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ನಾನು ಊರಿಗೆ ಬರುತ್ತೇನೆ. ಸರ್ ಕೂಡ ಜೊತೆಗೆ ಬರಲು ಒಪ್ಪಿದ್ದಾರೆ.