ಸತ್ತ ಸೆಲ್ಲನ್ನು ‘ಒಮ್ಮೆ ಚಾರ್ಜಿಗೆ ಹಚ್ಚಿ’ ನೋಡಬಾರದು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ಕಾಂಬೊ (ಡಿಸ್‌ಪ್ಲೇ, ಟಚ್ ಸೇರಿದ ಜೋಡಿ) ಬದಲಿಸುವುದು, ಚಾರ್ಜಿಂಗ್ ಜ್ಯಾಕ್, ಬೋರ್ಡ್ ಶಾರ್ಟಿಂಗ್ ಇವೆಲ್ಲ ದಿನದ ಪಾಡು. ಇದರ ನಡುವೆ ಪವರ್ ಬ್ಯಾಂಕ್, ಬ್ಲೂಟೂತ್ ಸ್ಪೀಕರ್, ಟ್ರಿಮ್ಮರ್, ಹೊಲಕ್ಕೆ ನೀರು ಬಿಡುವವರ ತಲೆ ಟಾರ್ಚ್ ಕೂಡ ಬರುತ್ತವೆ. ಅವುಗಳಲ್ಲಿ ಜಾಸ್ತಿ ತಕರಾರು ಬ್ಯಾಟರಿಯದೇ. ಸತ್ತ ಸೆಲ್ ತಂದವರೆಲ್ಲ ಕೌಂಟರ್ ಮೇಲೆ ಇಟ್ಟು ಒಂದೇ ಮಾತು ಹೇಳುತ್ತಾರೆ: "ಒಮ್ಮೆ ಚಾರ್ಜಿಗೆ ಹಚ್ಚಿ ನೋಡ್ರಿ. ಏರಿದ್ರ ಏರ್ತದ, ಇಲ್ಲಂದ್ರ ಬಿಡ್ರಿ."

ಆ ‘ಇಲ್ಲಂದ್ರ ಬಿಡ್ರಿ’ ಅನ್ನುವುದು ಅಷ್ಟು ಸುಲಭ ಅಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಅಂಗಡಿಯಲ್ಲಿ ನಡೆದದ್ದನ್ನು ಅದಕ್ಕೇ ಬರೆಯುತ್ತಿದ್ದೇನೆ.

ಮೇ ತಿಂಗಳ ಮಧ್ಯಾಹ್ನ. ನಮ್ಮೂರ ಬಿಸಿಲು ಗೊತ್ತಲ್ವಾ, ನೆರಳಲ್ಲೂ 42 ಡಿಗ್ರಿ ದಾಟಿರುತ್ತದೆ. ಒಬ್ಬ ಹುಡುಗ ಬಂದು ಪ್ಯಾಂಟಿನ ಜೇಬಿನಿಂದ ಬೈಕಿನ ಕೀಲಿ, ಚಿಲ್ಲರೆ, ಜೊತೆಗೆ ಒಂದು 18650 ಸೆಲ್ (ಬೆರಳುದ್ದದ ಉರುಟು ಲಿಥಿಯಂ ಬ್ಯಾಟರಿ) ತೆಗೆದ. ಗಲ್ಫ್‌ನಲ್ಲಿರುವ ಅಣ್ಣ ತಂದ ವೇಪ್‌ನಿಂದ, ಅಂದರೆ ಇ-ಸಿಗರೇಟಿನಿಂದ ಬಿಚ್ಚಿದ್ದಂತೆ. ಮಷಿನ್ ಮನೆಯಲ್ಲೇ ಇಟ್ಟು ಸೆಲ್ ಮಾತ್ರ ತಂದಿದ್ದ. ಮೇಲಿನ ಪ್ಲಾಸ್ಟಿಕ್ ಹೊದಿಕೆ ತುದಿಯಲ್ಲಿ ಹರಿದಿತ್ತು. ಮೀಟರ್ ಇಟ್ಟೆ. 1.1 ವೋಲ್ಟ್. "ಇದು ಹೋಗ್ಯದ ತಮ್ಮಾ, ಚಾರ್ಜಿಗೆ ಹಚ್ಚಂಗಿಲ್ಲ" ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ನಮ್ಮ ಸಾವ್ಕಾರ್ರಿಗೂ ಆಗಲಿಲ್ಲ. "ಗಿರಾಕಿ ಬಂದಾನ, ಹಂಗೇ ವಾಪಸ್ ಕಳಸ್ಬ್ಯಾಡ. ಬೂಸ್ಟ್ ಮಾಡಿ ನೋಡು" ಅಂದರು. ನಾನು ಆಗಲ್ಲ ಎಂದು ಹೇಳಿ ಮೈಕ್ರೋಸ್ಕೋಪ್ ಕೆಳಗಿದ್ದ ಬೋರ್ಡಿಗೆ ತಿರುಗಿದೆ. ನನ್ನ ಬೆನ್ನ ಹಿಂದೆ ಸಾವ್ಕಾರ್ರೇ ಅದನ್ನು ಬೂಸ್ಟರ್‌ಗೆ (ಸತ್ತ ಸೆಲ್ಲಿನ ವೋಲ್ಟೇಜ್ ಎತ್ತುವ ಸಾಧನ) ಹಿಡಿದು 3 ವೋಲ್ಟ್ ದಾಟಿಸಿ, ಹೋಲ್ಡರ್‌ಗೆ ಹಾಕಿ, ಟಿಪಿ4056 ಎಂಬ ಸಣ್ಣ ಚಾರ್ಜಿಂಗ್ ಬೋರ್ಡಿಗೆ ಕೊಟ್ಟು ಊಟಕ್ಕೆ ಹೋದರು.

ಮೊದಲು ಬಂದದ್ದು ವಾಸನೆ. ಉಗುರಿನ ಬಣ್ಣ ತೆಗೆಯುವ ದ್ರವದಂಥ ಸಿಹಿ ವಾಸನೆ. ಉಬ್ಬಿದ ಮೊಬೈಲ್ ಬ್ಯಾಟರಿ ಬಿಚ್ಚಿದವರಿಗೆ ಅದರ ಗುರುತು ಇರುತ್ತದೆ. ತಿರುಗಿ ನೋಡಿದೆ. ಬೋರ್ಡಿನ ಕೆಂಪು ಲೈಟ್ ಉರಿಯುತ್ತಿತ್ತು. ಅಂಗೈ ಹಿಂಭಾಗವನ್ನು ಹತ್ತಿರ ಒಯ್ದರೆ ಗೇಣು ದೂರದಲ್ಲೇ ಕಾವು ತಾಗಿತು. ಅದರ ಪಕ್ಕದಲ್ಲಿ ಬೋರ್ಡ್ ತೊಳೆಯುವ ಸ್ಪಿರಿಟ್ಟಿನ (ಐಪಿಎ) ಬಾಟಲಿ, ಥಿನ್ನರ್ ಡಬ್ಬಿ, ಗಿರಾಕಿಗಳ ಫೋನ್ ಇಟ್ಟ ಟ್ರೇ. ಕೌಂಟರ್ ಆಚೆ ಮಗು ಎತ್ತಿಕೊಂಡ ಒಬ್ಬ ಹೆಂಗಸು.

ಗೋಡೆಯ ಪ್ಲಗ್ ಕಿತ್ತೆ. ನಮ್ಮ ಕೆಲಸ ಕಲಿಯುವ ಹುಡುಗ ಸೆಲ್ ತೆಗೆಯಲು ಕೈ ಚಾಚಿದ್ದ. "ಮುಟ್ಬ್ಯಾಡ!" ಎಂದು ಕೂಗಿದೆ. ಅಷ್ಟು ಜೋರಾಗಿ ನಾನು ಯಾವತ್ತೂ ಅವನ ಮೇಲೆ ಕೂಗಿದ್ದಿಲ್ಲ. ಬಾಟಲಿಗಳನ್ನು ಅವನ ಕೈಗೆ ಕೊಟ್ಟು ಹಿಂದಿನ ಕೋಣೆಗೆ ಕಳಿಸಿದೆ. "ಅಕ್ಕಾ, ಕೂಸಿನ್ನ ಕರ್ಕೊಂಡು ಹೊರಗ ನಡೀರಿ" ಅಂದೆ. ಆ ತಾಯಿ ಯಾಕೆ ಏನು ಎಂದು ಕೇಳದೆ ಹೊರಟರು. ಆಮೇಲೆ ವೈರ್ ಹಿಡಿದು ಹೋಲ್ಡರ್ ಸಮೇತ ಸೆಲ್ಲನ್ನು ಸ್ಟೀಲ್ ತಟ್ಟೆಗೆ ಎಳೆದೆ. ಹೋಲ್ಡರ್ ಪ್ಲಾಸ್ಟಿಕ್ ಆದ್ದರಿಂದ ತಟ್ಟೆಗೆ ಸೆಲ್ ತಾಗುವುದಿಲ್ಲ. ಆಗ ಹೊಗೆಯಾಗಲಿ ‘ಸುಯ್’ ಎನ್ನುವ ಸದ್ದಾಗಲಿ ಇರಲಿಲ್ಲ. ಇದ್ದಿದ್ದರೆ ನಾನು ತಟ್ಟೆ ಎತ್ತುತ್ತಿರಲಿಲ್ಲ, ಎಲ್ಲರನ್ನೂ ಕರೆದುಕೊಂಡು ಹೊರಗೆ ಓಡುತ್ತಿದ್ದೆ. ಅಂಗಡಿ ಉಳಿಸಲು ಮುಖ ಸುಟ್ಟುಕೊಳ್ಳಬಾರದು.

ಹೊರಗೆ ಮರಳಿನ ಬಕೆಟ್ ಇತ್ತು. ಅದರೊಳಗೆ ತಟ್ಟೆ ಮಗುಚಿ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಸೆಲ್ ಸದ್ದು ಮಾಡಿತು. ಬಿಳಿ ಹೊಗೆ ದಟ್ಟವಾಗಿ ಎದ್ದಿತು, ಮರಳಿನ ಮೇಲೆ ಸಣ್ಣ ಬೆಂಕಿ ಕಂಡಿತು. ರಸ್ತೆಯ ಜನ ಫೋನ್ ಹಿಡಿದು ಹತ್ತಿರ ಬಂದರು. ಅವರನ್ನು ಗಾಳಿ ಬೀಸಿ ಬರುವ ದಿಕ್ಕಿಗೆ ತಳ್ಳುವುದೇ ದೊಡ್ಡ ಕೆಲಸವಾಯಿತು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಎದೆಗೆ ಹೋದರೆ ಹಾನಿ. "ನೀರ್ ಹಾಕ್ಬ್ಯಾಡ್ರಿ" ಎಂದು ಯಾರೋ ಕೂಗುತ್ತಿದ್ದರು. ಆದರೆ ಪ್ಲಗ್‌ನಿಂದ ಬೇರೆ ಮಾಡಿದ ಸಣ್ಣ ಸೆಲ್‌ಗೆ ದೂರದಿಂದ ಧಾರಾಳ ನೀರು ಸುರಿಯುವುದು ಒಳ್ಳೆಯದೇ, ಕಾವು ಇಳಿಯುತ್ತದೆ. ಸುರಿದೆ. ರಾತ್ರಿಯೆಲ್ಲ ಬಕೆಟ್ ಹೊರಗೇ ಇಟ್ಟೆವು. ಆರಿದ ಸೆಲ್ ತಾಸುಗಟ್ಟಲೆ ನಂತರವೂ ಮತ್ತೆ ಹೊತ್ತಿಕೊಳ್ಳಬಲ್ಲದು.

ಯಾರಿಗೂ ಏನೂ ಆಗಲಿಲ್ಲ. ಅದಕ್ಕೇ ಸಾವ್ಕಾರ್ರು ಬಂದವರೇ "ಏನಾಗಿಲ್ಲಲ್ಲ, ಬಿಡು" ಅಂದರು. ನನಗೆ ಇವತ್ತಿಗೂ ಚುಚ್ಚುವುದು ಆ ಮಾತು.

ಆ ಸೆಲ್ ಯಾಕೆ ಹಾಗೆ ಮಾಡಿತು? ಲಿಥಿಯಂ ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್. ಬಳಸುತ್ತಾ 3ರ ಆಸುಪಾಸಿಗೆ ಬಂದರೆ ನಿಲ್ಲಿಸಬೇಕು. 2 ವೋಲ್ಟ್‌ಗಿಂತ ಕೆಳಗೆ ಬಹಳ ದಿನ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಸಿಕ್ಕಸಿಕ್ಕಲ್ಲಿ ಕೂರುತ್ತದೆ. ಎರಡು ಪದರಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ತೆರೆ. ಅದನ್ನು ದಾಟಿದರೆ ಒಳಗೇ ಶಾರ್ಟ್. ಹೊರಗಿನ ಶಾರ್ಟ್ ಆದರೆ ವೈರ್ ಕಿತ್ತು ಬಿಡಿಸಬಹುದು. ಒಳಗಿನದಕ್ಕೆ ಯಾವ ಸ್ವಿಚ್ಚೂ ಇಲ್ಲ.

ಬೂಸ್ಟರ್‌ಗೆ ಇದೆಲ್ಲ ಗೊತ್ತಾಗುವುದಿಲ್ಲ. ಅದು ವೋಲ್ಟೇಜ್ ಎತ್ತಿ ತೋರಿಸುತ್ತದೆ, ಅಷ್ಟೇ. ಟಿಪಿ4056 ಕೂಡ 2.9 ವೋಲ್ಟ್ ಕೆಳಗೆ ನಿಧಾನ ತುಂಬಿಸಿ, ಮೇಲೆ ಬಂದ ಕೂಡಲೇ ಪೂರ್ತಿ 1 ಆಂಪಿಯರ್ ಬಿಡುತ್ತದೆ. ಅಗ್ಗದ ಬೋರ್ಡ್‌ಗಳಲ್ಲಿ ಸೆಲ್ಲಿನ ಕಾವು ನೋಡುವ ತಂತಿಯೇ ಇರುವುದಿಲ್ಲ. ಮೊದಲೇ ಇಂಥ ಸೆಲ್‌ಗಳನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ನಮ್ಮ ಟಿನ್ ಶೆಡ್ ಅಂಗಡಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಆ ಮಿತಿಗೆ ಎಷ್ಟು ಹತ್ತಿರ ಇರುತ್ತೇವೆ ಯೋಚಿಸಿ.

ಹರಿದ ಹೊದಿಕೆಯ ವಿಷಯ ಬೇರೆ. ಅದನ್ನು ಜನ ಅಂದಕ್ಕೆ ಅಂಟಿಸಿದ ಕಾಗದ ಅಂದುಕೊಂಡಿದ್ದಾರೆ. 18650ಯ ಇಡೀ ಲೋಹದ ಡಬ್ಬಿ ಮೈನಸ್. ಮೇಲಿನ ಟೊಪ್ಪಿಗೆ ಮಾತ್ರ ಪ್ಲಸ್. ಡಬ್ಬಿಯ ಅಂಚಿಗೂ ಟೊಪ್ಪಿಗೆಗೂ ನಡುವೆ ತೀರಾ ಸಣ್ಣ ಜಾಗ. ಅಲ್ಲಿ ಹೊದಿಕೆ ಹರಿದು, ಒಳಗಿನ ಬಿಳಿ ರಿಂಗ್ ಸರಿದರೆ ಶಾರ್ಟ್ ಆಗಲು ಒಂದು ರೂಪಾಯಿ ನಾಣ್ಯ ಸಾಕು. ಜೇಬಿನಲ್ಲಿ ಕೀಲಿ, ಚಿಲ್ಲರೆ ಜೊತೆ ಬಿಡಿ ಸೆಲ್ ಹಾಕಿಕೊಂಡು ತಿರುಗುವುದು ತೊಡೆಯ ಪಕ್ಕ ಬೆಂಕಿ ಕಟ್ಟಿಕೊಂಡಂತೆ. ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅದರಲ್ಲಿ ಇಡಿ. ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಬಿಸಿಲಲ್ಲಿ ನಿಲ್ಲಿಸಬೇಡಿ. ಬಳಸದೆ ಇಡುವುದಾದರೆ ಪೂರ್ತಿ ತುಂಬಿಸಬೇಡಿ, ಪೂರ್ತಿ ಖಾಲಿಯೂ ಬೇಡ. 3.7 ವೋಲ್ಟ್ ಸುತ್ತಮುತ್ತ ಇರಲಿ.

ವೇಪ್ ಬಗ್ಗೆ ಹೇಳಲೇಬೇಕು. ನಮ್ಮ ದೇಶದಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟ್ ತಯಾರಿ, ಆಮದು, ಮಾರಾಟ, ದಾಸ್ತಾನು ಎಲ್ಲಕ್ಕೂ ನಿಷೇಧ ಇದೆ. ನಾನು ಅದನ್ನು ರಿಪೇರಿಗೆ ಮುಟ್ಟುವುದಿಲ್ಲ. ಆದರೂ ಅದರೊಳಗಿನ ಸೆಲ್ ಬೇರೆ ವೇಷದಲ್ಲಿ ಟೇಬಲ್‌ಗೆ ಬರುತ್ತದೆ. ಟಾರ್ಚಿಗೆ ಹಾಕಿಕೊಡಿ, ಪವರ್ ಬ್ಯಾಂಕಿಗೆ ಸೇರಿಸಿ ಅನ್ನುತ್ತಾರೆ. ಇದು ಸರಿಯಲ್ಲ. ಆ ಮಷಿನ್‌ನ ಸುರುಳಿ ಕಾಯಿಸಲು ಸೆಲ್‌ನಿಂದ ಹತ್ತಾರು ಆಂಪಿಯರ್ ಎಳೆಯಬೇಕಾಗುತ್ತದೆ. ಅದು ಎಷ್ಟು ದಣಿದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಹಳೆಯದನ್ನೂ ಹೊಸದನ್ನೂ ಜೋಡಿಸಿ ಪವರ್ ಬ್ಯಾಂಕ್ ಮಾಡಿದರೆ ಸೋತ ಸೆಲ್ ಬೇಗ ಕೆಡುತ್ತದೆ, ಜೊತೆಗಿದ್ದದ್ದನ್ನೂ ಕೆಡಿಸುತ್ತದೆ.

ಇನ್ನು ಹೊಸ ಸೆಲ್ ತರುವವರಿಗೆ. ‘9900 ಎಂಎಎಚ್’ ಎಂದು ದಪ್ಪಕ್ಷರದಲ್ಲಿ ಬರೆದ 18650 ಸುಳ್ಳು. ಆ ಗಾತ್ರದ ಒಳ್ಳೆಯ ಸೆಲ್ 3500ರ ಸುಮಾರಿಗೆ ನಿಲ್ಲುತ್ತದೆ. ಪಕ್ಕದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ನಾನು ತೂಗಿಸುತ್ತೇನೆ. ಒಳ್ಳೆಯದು 45 ಗ್ರಾಂ ಆಸುಪಾಸು ಬರುತ್ತದೆ. ತೀರಾ ಹಗುರ ಇದ್ದರೆ ವಾಪಸ್. ಇಂಥ ಸುಳ್ಳು ಸೆಲ್ ಬಾಕ್ಸ್‌ಗಟ್ಟಲೆ ನಮ್ಮ ಅಂಗಡಿಗೂ ಬರುತ್ತವೆ. ಸಾವ್ಕಾರ್ರಿಗೆ ಲಾಭ ಅದರಲ್ಲೇ ಜಾಸ್ತಿ. ಇದರ ಬಗ್ಗೆ ನಮ್ಮಿಬ್ಬರ ನಡುವೆ ಇನ್ನೂ ಮಾತು ನಡೆದೇ ಇದೆ.

ಆ ದಿನದ ನಂತರ ಜಾಬ್ ಶೀಟ್‌ನಲ್ಲಿ ಒಂದು ಕಾಲಂ ಸೇರಿಸಿದೆ: ಬಂದಾಗಿನ ವೋಲ್ಟೇಜ್. 2ರ ಕೆಳಗಿದ್ದರೆ, ಉಬ್ಬಿದ್ದರೆ, ವಾಸನೆ ಬಂದರೆ, ಚಾರ್ಜಿಂಗ್ ಇಲ್ಲ. ಗಿರಾಕಿ ಸಹಿ ಮಾಡಿ ವಾಪಸ್ ಒಯ್ಯಬೇಕು ಅಥವಾ ನಮಗೆ ಬಿಡಬೇಕು. ಬಿಟ್ಟದ್ದರ ಎರಡೂ ತುದಿಗೆ ಕಾವು ತಡೆಯುವ ಕಾಪ್ಟನ್ ಟೇಪ್ ಸುತ್ತಿ ಮರಳಿನ ಡಬ್ಬಿಗೆ ಹಾಕುತ್ತೇವೆ. ಚಾರ್ಜಿಂಗ್ ಟೇಬಲ್ ಬಾಗಿಲ ಪಕ್ಕಕ್ಕೆ ಬಂದಿದೆ, ಥಿನ್ನರ್ ಹಿಂದಿನ ಕೋಣೆಗೆ ಹೋಗಿದೆ. ಊಟಕ್ಕೆ ಹೋಗುವಾಗ ಎಲ್ಲ ಪ್ಲಗ್ ಆಫ್. ರಾತ್ರಿ ಚಾರ್ಜಿಗೆ ಬಿಟ್ಟು ಶಟರ್ ಎಳೆಯುವಂತಿಲ್ಲ.

ಬಿಟ್ಟುಹೋದ ಸೆಲ್‌ಗಳ ಚಿಂತೆ ಮಾತ್ರ ಮುಗಿದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನಮ್ಮ ಗಲ್ಲಿಗೆ ಬರುವವನು ಗುಜರಿಯವನು. ತೂಕಕ್ಕೆ ತೆಗೆದುಕೊಂಡು ಕಬ್ಬಿಣದ ಜೊತೆ ಚೀಲಕ್ಕೆ ಎಸೆಯುತ್ತಾನೆ, ಆಮೇಲೆ ಸುತ್ತಿಗೆಯಿಂದ ಬಡಿಯುತ್ತಾನೆ. ಅವನ ಕೈ, ಕಣ್ಣು ನೆನೆಸಿಕೊಂಡು ನಾನು ಕೊಡುತ್ತಿಲ್ಲ. ಡಬ್ಬಿ ತುಂಬುತ್ತಾ ಬಂದಿದೆ. ಕಲಬುರಗಿಯಲ್ಲಿ ಇಂಥ ಸೆಲ್‌ಗಳನ್ನು ಸರಿಯಾಗಿ ತೆಗೆದುಕೊಳ್ಳುವವರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಾನೇ ಗಾಡಿಯಲ್ಲಿ ತಂದು ಮುಟ್ಟಿಸುತ್ತೇನೆ.