ತಲೆಯ ಮೇಲಿನ ಬಟನ್

ಸಿಮ್ಯುಲೇಟರ್ ಒಳಗೆ, ಅಂದರೆ ಪೈಲಟ್‌ಗಳು ನೆಲದ ಮೇಲೇ ತಾಲೀಮು ಮಾಡುವ ನಕಲಿ ಕಾಕ್‌ಪಿಟ್‌ನಲ್ಲಿ, ಬೆಂಕಿಯ ಗಂಟೆ ಹೊಡೆದಾಗ ನನಗೆ ಎಂಜಿನ್‌ಗಿಂತ ಮೊದಲು ನೆನಪಾಗಿದ್ದು ನನ್ನ ಬಲ ಭುಜ.

ಅದಕ್ಕೆ ಐದು ತಿಂಗಳ ಹಿಂದೆ ಆಪರೇಷನ್ ಆಗಿತ್ತು. ಭುಜದ ಕೀಲನ್ನು ಹಿಡಿದಿಡುವ ನಾಲ್ಕು ಸ್ನಾಯುಗಳಿಗೆ ಒಟ್ಟಾಗಿ ರೊಟೇಟರ್ ಕಫ್ ಅಂತಾರೆ. ಅದರಲ್ಲಿ ಒಂದು ಮೂಳೆಯಿಂದ ಕಿತ್ತು ಬಂದಿತ್ತು. ಡಾಕ್ಟರು ಮತ್ತೆ ಮೂಳೆಗೆ ಸೇರಿಸಿ ಹೊಲಿದರು. 6 ವಾರ ಕೈ ಸ್ಲಿಂಗ್‌ನಲ್ಲಿ. ರಾತ್ರಿ ದಿಂಬಿಗೆ ಒರಗಿ ಕೂತೇ ನಿದ್ದೆ. ಶುರುವಿನಲ್ಲಿ ನನ್ನ ಕೈಯನ್ನು ನಾನೇ ಎತ್ತುವ ಹಾಗಿರಲಿಲ್ಲ, ಫಿಸಿಯೋ ಎತ್ತುತ್ತಿದ್ದರು. ರಬ್ಬರ್ ಬ್ಯಾಂಡ್ ಎಳೆಯೋಕೆ ಬಿಟ್ಟಿದ್ದು 12 ವಾರ ಆದಮೇಲೆ.

"ಈಗಿನ ವಿಮಾನ ಹಾರಿಸೋಕೆ ಅಷ್ಟೇನು ಶಕ್ತಿ ಬೇಕು?" ಅಂತ ತುಂಬಾ ಜನ ಕೇಳಿದರು. ನಿಜ, ನಾನು ಹಾರಿಸುವ ಏರ್‌ಬಸ್ ಎ320ಯಲ್ಲಿ ಕ್ಯಾಪ್ಟನ್ ಎಡಗೈಲಿ ವಿಮಾನ ತಿರುಗಿಸುವ ಸೈಡ್‌ಸ್ಟಿಕ್ ಹಿಡಿಯುತ್ತಾರೆ, ಬಲಗೈಲಿ ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಸ್ಟ್ ಲಿವರ್. ಎರಡಕ್ಕೂ ಜಾಸ್ತಿ ಬಲ ಬೇಡ. ಆದರೆ ಬ್ಯಾಟರಿ, ಇಂಧನದ ಪಂಪು, ಬೆಂಕಿಯ ಬಟನ್ ಎಲ್ಲಾ ಇರುವುದು ತಲೆಯ ಮೇಲಿನ ಓವರ್‌ಹೆಡ್ ಪ್ಯಾನಲ್‌ನಲ್ಲಿ. ಕೈಯನ್ನು ತಲೆಯ ಮೇಲೆ ಎತ್ತಿ, ಅಲ್ಲೇ ಅಲುಗಾಡದೆ ಹಿಡಿದುಕೊಳ್ಳಬೇಕು. ನನ್ನ ಭುಜಕ್ಕೆ ಎಲ್ಲಕ್ಕಿಂತ ತಡವಾಗಿ ವಾಪಸ್ ಬಂದಿದ್ದೂ ಅದೇ.

ಮತ್ತೆ ಹಾರಲು ಬೇಕಾದ ಮೆಡಿಕಲ್ ಪರೀಕ್ಷೆಗೆ ಹೋದಾಗ ಒಂದು ಮಾತು ಮುಚ್ಚಿಡೋಣ ಅನ್ನಿಸಿತ್ತು. ಬಲಕ್ಕೆ ತಿರುಗಿ ಮಲಗಿದರೆ ಇನ್ನೂ ನೋಯುತ್ತಿತ್ತು. ಅಷ್ಟು ದಿನ ನೆಲದ ಮೇಲೆ ಕೂತವನಿಗೆ ಆ ಆಸೆ ಬರುತ್ತೆ. ಆದರೂ ಹೇಳಿಬಿಟ್ಟೆ. ಡಾಕ್ಟರು ಸುಮ್ನೆ ತಲೆಯಾಡಿಸಿ, "ನೋವಿನ ಮಾತ್ರೆ?" ಅಂದರು. ಬಿಟ್ಟು ಎಷ್ಟೋ ವಾರ ಆಗಿತ್ತು. ಮಂಪರು ತರುವ ಮಾತ್ರೆ ನುಂಗಿ ಕಾಕ್‌ಪಿಟ್‌ಗೆ ಹೋಗುವಂತಿಲ್ಲ. ಕೈಯನ್ನು ಎಲ್ಲಾ ದಿಕ್ಕಿಗೂ ತಿರುಗಿಸಿ ನೋಡಿ ಫಿಟ್ ಅಂತ ಬರೆದುಕೊಟ್ಟರು. ಆದರೆ ಹಿಂದಿನ 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಮಾಡಿರಲೇಬೇಕು, ಇಲ್ಲದಿದ್ದರೆ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಹಾಗಾಗಿ ಸಿಮ್ಯುಲೇಟರ್.

ಆವತ್ತು ವಿಮಾನ ಕೋ-ಪೈಲಟ್ ಕೈಯಲ್ಲಿತ್ತು. ಬೆಂಕಿಯ ಕೆಲಸ ನನ್ನದು. ಎಂಜಿನ್ ನಿಲ್ಲಿಸುವ ಮಾಸ್ಟರ್ ಸ್ವಿಚ್ ಆಫ್ ಮಾಡಿ ಕೈ ಮೇಲೆತ್ತಿದೆ. ಮುಚ್ಚಳ ಸರಿಸಿ ಬಟನ್ ಮೇಲೆ ಬೆರಳಿಟ್ಟು ಕೇಳಿದೆ, "ಎಂಜಿನ್ ಒಂದು, ಫೈರ್ ಬಟನ್. ಕನ್‌ಫರ್ಮ್?"

ಇನ್ನೊಬ್ಬರು ನೋಡಿ ಹೌದು ಅನ್ನುವ ತನಕ ಅದನ್ನು ಒತ್ತಬಾರದು. ತಪ್ಪು ಎಂಜಿನ್‌ನದು ಒತ್ತಿದರೆ ಚೆನ್ನಾಗಿ ಓಡುತ್ತಿರುವುದೂ ಹೋಗುತ್ತೆ. ಹುಡುಗ ವಿಮಾನವನ್ನು ನೆಟ್ಟಗೆ ಹಿಡಿಯುತ್ತಿದ್ದ. ಒಂದೆರಡು ಸೆಕೆಂಡ್ ತಡವಾಯಿತು ಅಷ್ಟೇ. ಭುಜದೊಳಗೆ ಸಣ್ಣಗೆ ಉರಿ ಶುರುವಾಯಿತು. ಬೆರಳು ಮಾತ್ರ ನಡುಗಲಿಲ್ಲ.

"ಕನ್‌ಫರ್ಮ್, ಸರ್."

ಒತ್ತಿದೆ. 10 ಸೆಕೆಂಡ್ ಎಣಿಕೆ ಮುಗಿದ ಮೇಲೆ ಬೆಂಕಿ ನಂದಿಸುವ ಮೊದಲ ಬಾಟಲಿ. ಕೈ ಇಳಿಸಿದೆ. ಕೆಂಪು ದೀಪ ಆರಲಿಲ್ಲ. 30 ಸೆಕೆಂಡ್ ಕಾದು ಎರಡನೆಯದಕ್ಕೆ ಮತ್ತೆ ಕೈ ಎತ್ತಬೇಕಾಯಿತು. ಈ ಸಲ ಭುಜ ಒಪ್ಪಲಿಲ್ಲ. ಫಿಸಿಯೋ ಹೇಳಿದ್ದು ನೆನಪಾಯಿತು: ಮೊಣಕೈ ಮಡಚಿ ಮೈಗೆ ಹತ್ತಿರ ತಂದು, ಮುಂದಿನಿಂದ ಎತ್ತಿ, ಪಕ್ಕದಿಂದ ಬೇಡ. ಹಾಗೇ ಎತ್ತಿದೆ. ನಿಧಾನವಾಗಿ ಹೋಯಿತು, ಆದರೆ ಹೋಯಿತು. ದೀಪ ಆರಿತು.

ಮುಗಿದಮೇಲೆ ಪರೀಕ್ಷೆ ಮಾಡುವವರು ಭುಜ ಹೇಗಿದೆ ಅಂದರು. ಎರಡನೇ ಸಲ ನಿಧಾನವಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಮೇಲೆ ನಾನೇ ಕೇಳಿಕೊಂಡೆ, "ಚಕ್ರ ಕೈಯಿಂದ ಇಳಿಸೋದನ್ನೂ ಮಾಡಿಸಿ." ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಅದರದ್ದೇ. ಆ ಹಿಡಿ ಇಬ್ಬರ ಸೀಟಿನ ನಡುವೆ, ಪೆಡೆಸ್ಟಲ್‌ನ ಹಿಂದಿನ ತುದಿಯಲ್ಲಿದೆ. ಮೈ ತಿರುಗಿಸಿ, ಕೈ ಹಿಂದಕ್ಕೆ ಚಾಚಿ ಮೂರು ಸುತ್ತು ತಿರುಗಿಸಬೇಕು. ಆ ದಿಕ್ಕಿನಲ್ಲಿ ಕೈ ಹೋಗಿ ತಿಂಗಳುಗಳೇ ಆಗಿದ್ದವು.

ಒಂದು ಸುತ್ತು. ಉಸಿರು ಬಿಟ್ಟು ಎರಡು. ಮೂರನೆಯದಕ್ಕೆ ಹಲ್ಲು ಕಚ್ಚಿದೆ.

ಕೋ-ಪೈಲಟ್ ಎದುರಿನ ಪ್ಯಾನಲ್‌ನಲ್ಲಿ ಚಕ್ರದ ದೀಪಗಳನ್ನು ನೋಡುತ್ತಾ ಹೇಳಿದ, "ಮೂರೂ ಹಸಿರು, ಸರ್."