ಯಾವ ನಡೆಯನ್ನು ಮೊದಲು ನೋಡಬೇಕು?

ಬಿಡುವಿನಲ್ಲಿ ಬರೆಯುತ್ತಿರುವ ನನ್ನ ಚದುರಂಗದ ಪ್ರೋಗ್ರಾಮಿನಲ್ಲಿ ಕಳೆದ ಕೆಲವು ವಾರಗಳಿಂದ ನಡೆಗಳನ್ನು ಪರಿಶೀಲಿಸುವ ಕ್ರಮವೊಂದನ್ನೇ ತಿದ್ದುತ್ತಿದ್ದೇನೆ. ಆಲ್ಫಾ-ಬೀಟಾ ಹುಡುಕಾಟದಲ್ಲಿ, ಅಂದರೆ ಫಲಿತಾಂಶವನ್ನು ಬದಲಿಸಲಾಗದ ಕವಲುಗಳನ್ನು ನೋಡದೆ ಬಿಡುವ ವಿಧಾನದಲ್ಲಿ, ಎದುರಾಳಿಯ ನಡೆಯೊಂದನ್ನು ತಳ್ಳಿಹಾಕಲು ತಕ್ಕ ಉತ್ತರ ಒಂದು ಸಿಕ್ಕರೆ ಸಾಕು; ಅದು ಮೊದಲೇ ಸಿಕ್ಕಷ್ಟೂ ಉಳಿದವುಗಳ ಶ್ರಮ ತಪ್ಪುತ್ತದೆ. ಪ್ರತಿ ಸ್ಥಿತಿಯಲ್ಲೂ 35 ನಡೆಗಳಿವೆ ಎಂದುಕೊಂಡರೆ, ಆರು ನಡೆಗಳ ಆಳಕ್ಕೆ ಎಲ್ಲವನ್ನೂ ನೋಡುವಾಗ ಸುಮಾರು 184 ಕೋಟಿ ಅಂತಿಮ ಸ್ಥಿತಿಗಳು ಎದುರಾಗುತ್ತವೆ. ಕ್ರಮ ಪರಿಪೂರ್ಣವಾಗಿದ್ದರೆ 85,749 ಸಾಕು. ಗಣಕ ವಿಜ್ಞಾನಿಗಳಾದ ಡೊನಾಲ್ಡ್ ಕ್ನೂತ್ ಮತ್ತು ರೊನಾಲ್ಡ್ ಮೂರ್ 1975ರಲ್ಲಿ ವಿಶ್ಲೇಷಿಸಿದ ಈ ಅಂತರವನ್ನು ಕಾಗದದ ಮೇಲೆ ನಾನೇ ಲೆಕ್ಕ ಹಾಕಿ ನೋಡಿದ ದಿನ ನನಗಾದ ಬೆರಗು ಇನ್ನೂ ಮಾಸಿಲ್ಲ.

ನಡೆಗಳ ಪಟ್ಟಿಯ ಆರಂಭದ ಸ್ಥಾನಗಳು ಸುಲಭ. ಇದೇ ಸ್ಥಿತಿಯನ್ನು ಹಿಂದೆ ನೋಡಿದಾಗ ಹ್ಯಾಶ್ ಟೇಬಲ್ಲಿನಲ್ಲಿ (ನೋಡಿದ ಸ್ಥಿತಿಗಳನ್ನು ನೆನಪಿಡುವ ಕೋಷ್ಟಕದಲ್ಲಿ) ಉಳಿಸಿಟ್ಟ ನಡೆ ಮೊದಲು ಬರುತ್ತದೆ. ಅನಂತರ ಕಾಯಿ ಹೊಡೆಯುವ ನಡೆಗಳು, ಅವುಗಳಲ್ಲೂ ಕಾಲಾಳಿನಿಂದ ರಾಣಿಯನ್ನು ಹೊಡೆಯುವಂಥವು ಮುಂದೆ. ಕೊಟ್ಟು ಪಡೆಯುವ ಲೆಕ್ಕದಲ್ಲಿ ನಷ್ಟವಾಗುವ ಹೊಡೆತಗಳು ಕೊನೆಗೆ.

ಕಷ್ಟವಿರುವುದು ಏನನ್ನೂ ಹೊಡೆಯದ ಶಾಂತ ನಡೆಗಳಲ್ಲಿ. ಇವುಗಳಿಗಾಗಿ ಗಣಕ ವಿಜ್ಞಾನಿ ಜೊನಾಥನ್ ಶೆಫರ್ 1983ರಲ್ಲಿ ಹಿಸ್ಟರಿ ಹ್ಯೂರಿಸ್ಟಿಕ್ ಎಂಬ ವಿಧಾನವನ್ನು ಮುಂದಿಟ್ಟರು: ನಡೆ-ಉತ್ತರಗಳು ಕವಲೊಡೆಯುವ ಹುಡುಕಾಟದ ಮರದ ಯಾವುದೇ ಕೊಂಬೆಯಲ್ಲಿ ಒಂದು ನಡೆ, ಉಳಿದವನ್ನು ನೋಡುವ ಅಗತ್ಯವಿಲ್ಲದಂತೆ, ಹುಡುಕಾಟವನ್ನು ಕಡಿದು ನಿಲ್ಲಿಸಿದರೆ, ಅದು ಹೊರಟ ಮನೆ ಮತ್ತು ಸೇರಿದ ಮನೆಯ ಹೆಸರಿನಲ್ಲಿ ಅಂಕ ಸೇರುತ್ತದೆ. ನಾನು ಆಳದ ವರ್ಗದಷ್ಟು (ಆಳವನ್ನು ಆಳದಿಂದಲೇ ಗುಣಿಸಿದಷ್ಟು) ಅಂಕ ಕೂಡಿಸುತ್ತಿದ್ದೆ, ಆದರೆ ಕಳೆಯುತ್ತಿರಲಿಲ್ಲ. ಇದರಿಂದ ಒಮ್ಮೆ ಮೇಲೇರಿದ ನಡೆ, ಮುಂದೆ ಎಷ್ಟೇ ಬಾರಿ ವಿಫಲವಾದರೂ, ಮೊದಲ ಸಾಲಿನಲ್ಲೇ ಉಳಿದು, ನಿಜವಾಗಿ ಕೆಲಸಕ್ಕೆ ಬರುವ ನಡೆಯನ್ನು ಹಿಂದೆ ತಳ್ಳುತ್ತಿತ್ತು. ಈಗ ಹುಡುಕಾಟವನ್ನು ನಿಲ್ಲಿಸಿದ ನಡೆಗೆ ಅಂಕ ಕೊಡುವಾಗಲೇ, ಅದಕ್ಕಿಂತ ಮೊದಲು ಪರೀಕ್ಷಿಸಿ ಸೋತ ಶಾಂತ ನಡೆಗಳೆಲ್ಲದರಿಂದ ಅಷ್ಟೇ ಅಂಕ ಕಳೆಯುತ್ತೇನೆ; ಅಂಕ ಗರಿಷ್ಠ ಮಿತಿಯನ್ನು ಸಮೀಪಿಸಿದಂತೆ ಹೊಸದಾಗಿ ಸೇರುವ ಪಾಲು ಕುಗ್ಗುವಂತೆಯೂ ಮಾಡಿದ್ದೇನೆ. ಬೆರಳೆಣಿಕೆಯಷ್ಟು ಸಾಲುಗಳ ಈ ಬದಲಾವಣೆಯಿಂದ, ಕಡಿತವಾದ ಸ್ಥಿತಿಗಳ ಪೈಕಿ ಮೊದಲ ನಡೆಯಲ್ಲೇ ಕಡಿತವಾದವುಗಳ ಪ್ರಮಾಣ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಕ್ರಮವನ್ನು ಅಳೆಯಲು ಈ ಪ್ರಮಾಣದಷ್ಟು ನಂಬಿಕೆಯ ಅಳತೆ ನನಗೆ ಬೇರೆ ಸಿಕ್ಕಿಲ್ಲ. ಸೆಕೆಂಡಿಗೆ ಎಷ್ಟು ಸ್ಥಿತಿಗಳನ್ನು ನೋಡಿತು ಎಂಬ ವೇಗದ ಅಂಕಿ ಇಲ್ಲಿ ಏನನ್ನೂ ಹೇಳುವುದಿಲ್ಲ.

ಪಟ್ಟಿಯ ಕೊನೆಯ ನಡೆಗಳನ್ನು ಕಡಿಮೆ ಆಳಕ್ಕೆ ನೋಡುವ ಪದ್ಧತಿಯನ್ನು ಸೇರಿಸಿದ ಮೇಲಂತೂ ಕ್ರಮದ ತಪ್ಪು ಕೇವಲ ಸಮಯದ ನಷ್ಟವಾಗಿ ಉಳಿದಿಲ್ಲ. ಕುದುರೆಯನ್ನು ಬಲಿಕೊಟ್ಟು ರಾಜನ ಮೇಲೇರಿ ಹೋಗುವ ನಡೆಯೊಂದು ಪಟ್ಟಿಯ ಹಿಂದೆ ಬಿದ್ದರೆ, ಅದರ ಫಲ ಕಾಣುವ ಮೊದಲೇ ಆಳ ಮುಗಿದು, ಪ್ರೋಗ್ರಾಮು ಅದನ್ನು ಕೈಬಿಡುತ್ತದೆ. ಆದ್ದರಿಂದ ಎದುರಾಳಿಯ ಹಿಂದಿನ ನಡೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಯಾವ ನಡೆಗೆ ಯಾವ ಉತ್ತರ ಫಲಿಸಿತು ಎಂದು ನೆನಪಿಡುವ ಎರಡನೆಯ ಕೋಷ್ಟಕವನ್ನು ಈಗ ಬರೆಯುತ್ತಿದ್ದೇನೆ.